ತೆರೆಯಂಚಿನ ನೀತಿವಾಕ್ಯ: ಕುರುಹು, ತೃಷ್ಣೆ ಮತ್ತು ಒಂದು ಎಚ್ಚರಿಕೆಯ ವಿಮರ್ಶೆ

ಕಾವ್ಯವನ್ನೋ ಕಾದಂಬರಿಯನ್ನೋ ಎತ್ತಿಕೊಂಡು ಅದರ ಗುಣದೋಷಗಳನ್ನು ವಿವೇಚಿಸುವುದು ವಿಮರ್ಶೆಯ ವಾಡಿಕೆ. ಪ್ರಸ್ತುತ ಲೇಖನವು ಆಯ್ದುಕೊಂಡಿರುವುದು ಅಂಥ ಕೃತಿಯನ್ನಲ್ಲ, ಮೂರೇ ಪದಗಳ ಒಂದು ವಾಕ್ಯವನ್ನು. ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂಬ ಈ ವಾಕ್ಯವು, ಕೆಲವೊಮ್ಮೆ ಕ್ಯಾನ್ಸರಿನ ಹೆಸರನ್ನೂ ಸೇರಿಸಿಕೊಂಡು, 2012ರ ಅಕ್ಟೋಬರ್ 2ರಿಂದ ಭಾರತದ ಚಲನಚಿತ್ರಗಳಲ್ಲಿ ಕಡ್ಡಾಯವಾಗಿ ಕಾಣಿಸಿಕೊಳ್ಳುತ್ತಿದೆ. ತೆರೆಯ ಮೇಲೆ ನಟನು ಸಿಗರೇಟು ಹಚ್ಚಿದೊಡನೆ ಅದು ಕೆಳಗಿನ ಅಂಚಿನಲ್ಲಿ ಮೂಡುತ್ತದೆ. ಸಿಗರೇಟು ಕಣ್ಣಿಗೆ ಕಾಣುವಷ್ಟು ಹೊತ್ತೂ ನಿಂತಿದ್ದು, ಅದು ಮರೆಯಾದೊಡನೆ ತಾನೂ ಮರೆಯಾಗುತ್ತದೆ. 2023ರ ಸೆಪ್ಟೆಂಬರ್ 1ರಿಂದ ಈ ವಿಧಿಯು ಅಂತರಜಾಲದ ಮೂಲಕ ಮನೆಮನೆಗೆ ಬರುವ ಚಿತ್ರಗಳಿಗೂ ಧಾರಾವಾಹಿಗಳಿಗೂ ಅನ್ವಯಿಸಿದೆ. ಪಠ್ಯಪುಸ್ತಕದ ನೀತಿಪದ್ಯವಾಗಲಿ, ಪರ್ವಕಾಲದ ಪ್ರವಚನವಾಗಲಿ ಇಷ್ಟು ಜನರ ಕಣ್ಣಿಗೆ ಇಷ್ಟು ಸಲ ಬಿದ್ದಿರುವುದು ಪ್ರಾಯಶಃ ಸಾಧ್ಯವಿಲ್ಲ. ಹಾಗಿದ್ದೂ ಇದನ್ನು ಒಂದು ನೀತಿಪಠ್ಯವೆಂದು ಭಾವಿಸಿ ಓದಿದವರು ವಿರಳ.

ವಾಕ್ಯದ ಸತ್ಯಾಸತ್ಯತೆಯ ಬಗ್ಗೆ ವಿವಾದವಿಲ್ಲ, ಅದು ಸತ್ಯ. ಆದರೆ ನೀತಿಯ ಮಾತಿಗೆ ಸತ್ಯವೊಂದೇ ಸಾಲದು. ಅದು ಯಾರನ್ನು ಕುರಿತು ಆಡಿದ ಮಾತು, ಯಾವ ಗಳಿಗೆಯಲ್ಲಿ ಅವನನ್ನು ತಲುಪುತ್ತದೆ, ತಲುಪುವ ಹೊತ್ತಿಗೆ ಅವನ ಚಿತ್ತ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ. ಚಿತ್ರಮಂದಿರದ ಕತ್ತಲಲ್ಲಿ ಮೂರು ಬಗೆಯ ಪ್ರೇಕ್ಷಕರು ಕುಳಿತಿರುತ್ತಾರೆ. ಎಂದೂ ಸಿಗರೇಟು ಮುಟ್ಟದವನೊಬ್ಬ, ದಿನವೂ ಸೇದುವವನೊಬ್ಬ, ಬಿಟ್ಟು ಐದಾರು ವಾರಗಳಾದವನೊಬ್ಬ. ಮೊದಲಿನ ಇಬ್ಬರ ವಿಷಯದಲ್ಲಿ ಚರ್ಚೆ ಸಾಕಷ್ಟು ನಡೆದಿದೆ. ಮೂರನೆಯವನನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಈ ಬರಹ ಮುಖ್ಯವಾಗಿ ಅವನ ಪರವಾದದ್ದು.

ಅವನಿಗೆ ಆ ಕತ್ತಲಲ್ಲಿ ಏನಾಗುತ್ತದೆಂಬುದನ್ನು ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕು. ಗಂಟೆಯ ಸದ್ದಿಗೆ ಜೊಲ್ಲು ಸುರಿಸಿದ ನಾಯಿಗಳ ಕಥೆಯಿಂದ ರಷ್ಯದ ವಿಜ್ಞಾನಿ ಪಾವ್ಲೋವನ ಹೆಸರು ಶಾಲೆಯ ಮಕ್ಕಳಿಗೂ ಪರಿಚಿತ. ಅದೇ ಪ್ರಯೋಗಶಾಲೆಯ ಇನ್ನೊಂದು ಪ್ರಸಂಗ ಅಷ್ಟು ಪ್ರಸಿದ್ಧವಲ್ಲ. ಕೆಲವು ನಾಯಿಗಳಿಗೆ ದಿನವೂ ಮಾರ್ಫಿನ್ ಚುಚ್ಚಲಾಗುತ್ತಿತ್ತು. ಕೆಲವು ದಿನಗಳ ಬಳಿಕ ಸೂಜಿ ಮೈಗೆ ತಾಗುವ ಮುನ್ನವೇ, ಚುಚ್ಚುವಾತನು ಸಿದ್ಧತೆ ನಡೆಸುವುದನ್ನು ಕಂಡಷ್ಟಕ್ಕೇ, ಅವುಗಳ ಬಾಯಲ್ಲಿ ನೀರೂರಿ ಓಕರಿಕೆ ಬರತೊಡಗಿತು. ಔಷಧವು ಒಳಹೋಗಿರಲಿಲ್ಲ, ಅದರ ಕುರುಹು ಮಾತ್ರ ಒಳಹೋಗಿತ್ತು. ಮುಂದೆ 1940ರ ದಶಕದಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಲೆಕ್ಸಿಂಗ್ಟನ್ನಿನಲ್ಲಿ, ಮಾದಕವ್ಯಸನಿಗಳಿಗಾಗಿ ಸರ್ಕಾರ ತೆರೆದಿದ್ದ ಆಸ್ಪತ್ರೆಯಲ್ಲಿ, ಅಬ್ರಹಾಂ ವಿಕ್ಲರ್ ಎಂಬ ವೈದ್ಯರು ಇದನ್ನೇ ಮನುಷ್ಯರಲ್ಲಿ ಕಂಡರು. ತಿಂಗಳುಗಟ್ಟಲೆ ಅಫೀಮಿನ ಸಂಬಂಧವೇ ಇಲ್ಲದೆ, ಶರೀರದ ಯಾತನೆಯೆಲ್ಲ ಅಡಗಿ ಸ್ವಸ್ಥರಾಗಿದ್ದ ರೋಗಿಗಳು ಒಟ್ಟಿಗೆ ಕುಳಿತು ಹಿಂದಿನ ದಿನಗಳ ಮಾತೆತ್ತಿದೊಡನೆ ಆಕಳಿಸತೊಡಗುತ್ತಿದ್ದರು. ಕಣ್ಣು ಮೂಗುಗಳಲ್ಲಿ ನೀರಿಳಿಯುತ್ತಿತ್ತು. ಅಫೀಮು ತಪ್ಪಿದ ಮೊದಲ ದಿನಗಳ ಲಕ್ಷಣಗಳೇ ಇವು. ಬರಿಯ ಮಾತು ಅವನ್ನು ಮರಳಿ ಕರೆದಿತ್ತು.

ವ್ಯಸನದ ದ್ರವ್ಯದೊಡನೆ ಪದೇ ಪದೇ ಕಂಡು, ಕೇಳಿ, ಮೂಸಿ, ಮುಟ್ಟಿದ ಸಂಗತಿಗಳಿಗೆ ಈ ಲೇಖನದಲ್ಲಿ ಕುರುಹು ಎಂಬ ಹೆಸರನ್ನು ಇಟ್ಟುಕೊಳ್ಳೋಣ. ಬೆಂಕಿಕಡ್ಡಿ ಗೀರಿದ ಸದ್ದು ಒಂದು ಕುರುಹು. ಊಟವಾದ ಮೇಲಿನ ಹೊತ್ತು, ಚಹಾದಂಗಡಿಯ ಮೂಲೆ, ಒಬ್ಬ ಹಳೆಯ ಗೆಳೆಯನ ಮುಖ, ಇವೂ ಕುರುಹುಗಳೇ. ಸಿಗರೇಟಾಗಲಿ ಬೂದಿಯ ಬಟ್ಟಲಾಗಲಿ ಇಲ್ಲದ, ಕೇವಲ ಸ್ಥಳಗಳ ಛಾಯಾಚಿತ್ರಗಳನ್ನು ತೋರಿಸಿದರೂ ಧೂಮಪಾನಿಗಳಲ್ಲಿ ತೃಷ್ಣೆ ಏರುತ್ತದೆಂದು ಅನಂತರದ ಪ್ರಯೋಗಗಳು ತೋರಿಸಿವೆ.

ಕುರುಹಿಗೆ ಈ ಶಕ್ತಿ ಎಲ್ಲಿಂದ ಬಂತು? 1990ರ ದಶಕದಲ್ಲಿ ವೋಲ್ಫ್ರಾಂ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನ ನಡುಭಾಗದಲ್ಲಿರುವ, ಡೋಪಮೀನ್ ಎಂಬ ರಾಸಾಯನಿಕವನ್ನು ಸ್ರವಿಸುವ ಜೀವಕೋಶಗಳ ಚಟುವಟಿಕೆಯನ್ನು ದಾಖಲಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ನಾಲಗೆಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮುನ್ನ ಪ್ರತಿಸಲವೂ ದೀಪವೊಂದನ್ನು ಹೊತ್ತಿಸತೊಡಗಿದಾಗ, ಕೆಲಕಾಲದಲ್ಲೇ ಅವು ರಸಕ್ಕೆ ಸ್ಪಂದಿಸುವುದನ್ನು ಬಿಟ್ಟು ದೀಪಕ್ಕೆ ಸ್ಪಂದಿಸತೊಡಗಿದವು. ದೀಪ ಹೊತ್ತಿಯೂ ರಸ ಬಾರದಿದ್ದರೆ, ಬರಬೇಕಾಗಿದ್ದ ಆ ಕ್ಷಣದಲ್ಲಿ ಅವುಗಳ ಚಟುವಟಿಕೆ ಎಂದಿನ ಮಟ್ಟಕ್ಕಿಂತಲೂ ಕೆಳಗೆ ಕುಸಿಯುತ್ತಿತ್ತು. ಅಂದರೆ ಮಿದುಳಿನ ಈ ಭಾಗ ಲೆಕ್ಕವಿಡುವುದು ಸುಖಕ್ಕಿಂತ ಹೆಚ್ಚಾಗಿ ಸುಖದ ಮುನ್ಸೂಚನೆಗೆ. ಹಣ್ಣಿನ ರಸದ ವಿಷಯದಲ್ಲಿ ಇದರಿಂದ ಕೇಡಿಲ್ಲ. ಹಣ್ಣು ಎಲ್ಲಿದೆಯೆಂಬುದನ್ನು ಕಲಿಯುವ ಪ್ರಾಣಿ ಬದುಕುತ್ತದೆ. ಆದರೆ ನಿಕೊಟಿನ್, ಅಫೀಮು, ಕೊಕೇನು, ಮದ್ಯಗಳು ಡೋಪಮೀನನ್ನು ತಾವೇ ನೇರವಾಗಿಯೋ ಬಳಸುದಾರಿಯಿಂದಲೋ ಹೆಚ್ಚಿಸಬಲ್ಲವು. ಆದ್ದರಿಂದ ಅವುಗಳ ಕುರುಹು ಸೇವನೆಯಿಂದ ಸೇವನೆಗೆ ಬಲಗೊಳ್ಳುತ್ತಲೇ ಹೋಗುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀತಿಯ ದೃಷ್ಟಿಯಿಂದ ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದೇ. ಮಿಶಿಗನ್ ವಿಶ್ವವಿದ್ಯಾಲಯದ ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಜ್ 1993ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಬಯಸುವುದು ಬೇರೆ, ಸವಿಯುವುದು ಬೇರೆ. ಮಿದುಳಿನಲ್ಲಿ ಇವೆರಡರ ವ್ಯವಸ್ಥೆಗಳೂ ಬೇರೆ ಬೇರೆ. ವ್ಯಸನ ಹಳತಾದಂತೆ ಸವಿ ಹೆಚ್ಚುವುದಿಲ್ಲ, ಎಷ್ಟೋ ವೇಳೆ ಕುಗ್ಗುತ್ತದೆ. ಬಯಕೆ ಮಾತ್ರ ಕುರುಹಿನ ಬೆನ್ನೇರಿ ಬೆಳೆಯುತ್ತದೆ. ಇಪ್ಪತ್ತು ವರ್ಷ ಸೇದಿದವನನ್ನು ಕೇಳಿ ನೋಡಿ: ದಿನದ ಎಷ್ಟು ಸಿಗರೇಟುಗಳು ನಿನಗೆ ಹಿತವೆನಿಸುತ್ತವೆ? ಬೆಳಗಿನದೊಂದು, ಊಟದ ಮೇಲಿನದೊಂದು ಎಂದಾನು. ಉಳಿದವುಗಳನ್ನು ಅವನು ಸೇದುವುದು ಸುಖಕ್ಕಲ್ಲ. ಸುಖಲೋಲುಪತೆ ಎಂಬ ಒಂದೇ ಪದದಿಂದ ವ್ಯಸನವನ್ನು ಅಳೆದು ಮುಗಿಸುವ ನಮ್ಮ ಉಪದೇಶಪರಂಪರೆ ಈ ಮನುಷ್ಯನನ್ನು ಗುರುತಿಸಲಾರದು. ತಾನು ಸುಖಪಡುತ್ತಿಲ್ಲವೆಂಬುದು ಅವನಿಗೆ ಉಪದೇಶಕನಿಗಿಂತ ಚೆನ್ನಾಗಿ ಗೊತ್ತು.

ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆ್ಯನಾ ರೋಸ್ ಚಿಲ್ಡ್ರೆಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಯಕೆಯನ್ನು ಮಿದುಳಿನ ಚಿತ್ರದಲ್ಲಿ ಹಿಡಿಯಿತು. ಕೊಕೇನು ವ್ಯಸನದಿಂದ ಚಿಕಿತ್ಸೆಗೆ ಬಂದವರಿಗೆ ಮೊದಲು ನಿಸರ್ಗದ ದೃಶ್ಯಗಳನ್ನೂ ಬಳಿಕ ಕೊಕೇನು ಸೇವನೆಯ ದೃಶ್ಯಗಳನ್ನೂ ತೋರಿಸಿ ಮಿದುಳಿನ ರಕ್ತಸಂಚಾರವನ್ನು ಅಳೆಯಲಾಯಿತು. ಎರಡನೆಯದನ್ನು ನೋಡುವಾಗ ಅವರಲ್ಲಿ ತೃಷ್ಣೆ ಹುಟ್ಟಿತು. ಜೊತೆಗೆ ಭಾವಗಳಿಗೆ ಸಂಬಂಧಿಸಿದ, ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗವೂ ಅದರ ನೆರೆಹೊರೆಯೂ ಎಚ್ಚತ್ತವು. ಕೊಕೇನನ್ನು ಕಾಣದವರಲ್ಲಿ ಹಾಗಾಗಲಿಲ್ಲ. 2008ರಲ್ಲಿ ಅದೇ ತಂಡ ಇನ್ನೂ ಮುಂದೆ ಹೋಯಿತು. ಈ ಸಲ ಚಿತ್ರವನ್ನು ತೋರಿಸಿದ್ದು 33 ಮಿಲಿಸೆಕೆಂಡು ಮಾತ್ರ, ಅಂದರೆ ಒಂದು ಸೆಕೆಂಡಿನ ಸುಮಾರು 30ನೇ ಒಂದು ಪಾಲು. ಅದರ ಹಿಂದೆಯೇ ಬೇರೊಂದು ಚಿತ್ರ ಬಂದು ಅದನ್ನು ಮರೆಮಾಡುತ್ತಿತ್ತು. ನೋಡುವವರಿಗೆ ತಾವು ಏನನ್ನು ಕಂಡೆವೆಂಬ ಅರಿವೇ ಇರಲಿಲ್ಲ. ಆದರೂ ಮಿದುಳು ಕಂಡಿತ್ತು. ಅವೇ ಭಾಗಗಳು ಸ್ಪಂದಿಸಿದ್ದವು.

ಈಗ ಚಿತ್ರಮಂದಿರಕ್ಕೆ ಮರಳೋಣ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮ್ಮ ವಸ್ತುವಿಗೆ ನೇರವಾಗಿ ತಾಗುತ್ತದೆ. 17 ಮಂದಿ ಧೂಮಪಾನಿಗಳು, 17 ಮಂದಿ ಸೇದದವರು ಮಿದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿ 'ಮ್ಯಾಚ್‌ಸ್ಟಿಕ್ ಮೆನ್' ಎಂಬ ಹಾಲಿವುಡ್ ಚಿತ್ರದ ಮೊದಲ ಅರ್ಧ ಗಂಟೆಯನ್ನು ನೋಡಿದರು. ಅದರಲ್ಲಿ ಸಿಗರೇಟಿನ ದೃಶ್ಯಗಳು ಹೇರಳ. ಪ್ರಯೋಗವು ಧೂಮಪಾನಕ್ಕೆ ಸಂಬಂಧಿಸಿದ್ದೆಂದು ಅವರಿಗೆ ತಿಳಿಸಿರಲಿಲ್ಲ. ನಟನು ಸೇದಿದಾಗಲೆಲ್ಲ ಧೂಮಪಾನಿಗಳ ಮಿದುಳಿನಲ್ಲಿ, ಕೈಯ ಚಲನೆಯನ್ನು ಗ್ರಹಿಸುವ ಮತ್ತು ಯೋಜಿಸುವ ಭಾಗಗಳು ಚುರುಕುಗೊಂಡವು. ತಾನು ನಿತ್ಯ ಮಾಡುವ ಕ್ರಿಯೆಯನ್ನು ಮಿದುಳು ಮನಸ್ಸಿನಲ್ಲೇ ಅಭಿನಯಿಸಿತ್ತೆನ್ನಬೇಕು. ಕೈ ಏಳಲಿಲ್ಲ, ಏಳುವ ಸಿದ್ಧತೆ ಆಗಿತ್ತು.

ನಮ್ಮ ಮೂರು ಪದಗಳ ವಾಕ್ಯ ಪ್ರವೇಶಿಸುವುದು ಈ ಗಳಿಗೆಯಲ್ಲಿ. ಅದು ಮೂಡುವುದು ಸಿಗರೇಟು ಕಾಣಿಸಿದ ಮೇಲೆಯೇ ಹೊರತು ಮೊದಲಲ್ಲ. ಚಿತ್ರ ತಾಗಲು ಕ್ಷಣಾರ್ಧವೂ ಬೇಡ. ವಾಕ್ಯವನ್ನು ಓದಿ, ಅರ್ಥಮಾಡಿಕೊಂಡು, ತನಗೆ ಅನ್ವಯಿಸಿಕೊಳ್ಳಲು ಬುದ್ಧಿಗೆ ಬಿಡುವು ಬೇಕು. ಕಥೆ ಓಡುತ್ತಿರುವಾಗ ಆ ಬಿಡುವನ್ನು ಯಾರೂ ಕೊಡುವುದಿಲ್ಲ. ವಾಕ್ಯವು ವಿವೇಚಿಸುವ ಮನುಷ್ಯನನ್ನು ಉದ್ದೇಶಿಸಿ ಮಾತನಾಡುತ್ತದೆ. ಅದರ ಮೇಲ್ಭಾಗದ ಚಿತ್ರ ವಿವೇಚನೆಗೆ ಮುಂಚಿನ ಮನುಷ್ಯನೊಡನೆ ಆಗಲೇ ಮಾತು ಮುಗಿಸಿರುತ್ತದೆ. ಇಷ್ಟಾದರೆ ನಿಷ್ಫಲವೆಂದು ಬಿಡಬಹುದಿತ್ತು. ಇನ್ನೊಂದು ಶಂಕೆಯೂ ಇದೆ. ಕೋಣೆಯ ಹಿನ್ನೆಲೆಯಲ್ಲಿ ಯಾರೋ ಸೇದುತ್ತಿದ್ದಾರೆ, ಪ್ರೇಕ್ಷಕನ ಗಮನ ಮುಂದಿರುವ ಮುಖಗಳ ಮೇಲಿದೆ ಎಂದುಕೊಳ್ಳೋಣ. ಅಂಚಿನಲ್ಲಿ ಅಕ್ಷರಗಳು ಥಟ್ಟನೆ ಮೂಡಿದೊಡನೆ ಕಣ್ಣು ಸಿಗರೇಟನ್ನು ಹುಡುಕುತ್ತದೆ. ಹತ್ತಾರು ವರ್ಷ ಹೀಗೆ ಜೊತೆಜೊತೆಯಾಗಿ ಕಂಡ ಮೇಲೆ, ಶುಲ್ಟ್ಸ್ ಅವರ ದೀಪದಂತೆ, ಆ ಅಕ್ಷರಗಳೂ ಒಂದು ಕುರುಹಾಗಲಾರವೆ? ಇದು ನನ್ನ ಊಹೆ. ಆದರೆ ಊಹೆಗೆ ಸ್ವಲ್ಪ ಆಧಾರವಿದೆ: ಪೆನ್ಸಿಲ್ವೇನಿಯದ ಸಂಶೋಧಕರು 2009ರಲ್ಲಿ ಧೂಮಪಾನವಿರೋಧಿ ಜಾಹೀರಾತುಗಳನ್ನು ಪರೀಕ್ಷಿಸಿದಾಗ, ಸೇದುವ ದೃಶ್ಯವಿದ್ದು ವಾದ ದುರ್ಬಲವಾಗಿದ್ದ ಜಾಹೀರಾತುಗಳು ಧೂಮಪಾನಿಗಳಲ್ಲಿ ಸೇದುವ ಬಯಕೆಯನ್ನು ಕೆರಳಿಸಿದ್ದವು. ವಾದ ಪ್ರಬಲವಾಗಿದ್ದಾಗ ಹಾಗಾಗಲಿಲ್ಲ. ಪ್ರಬಲವಾದ ವಾದಕ್ಕೆ ಮೂರು ಪದಗಳಲ್ಲಿ ಅವಕಾಶವೆಲ್ಲಿ?

ಮೂರನೆಯ ಪ್ರೇಕ್ಷಕನ ಕಷ್ಟ ಇದಕ್ಕಿಂತ ದೊಡ್ಡದು. ಬಿಟ್ಟು ದಿನ ಕಳೆದಷ್ಟೂ ಅಪಾಯ ತಗ್ಗುತ್ತದೆಂಬುದು ಲೋಕದ ನಂಬಿಕೆ. ಅವನ ನಂಬಿಕೆಯೂ ಅದೇ. ಇಲಿಗಳ ಮೇಲಿನ ಪ್ರಯೋಗಗಳು ಬೇರೆಯದನ್ನೇ ಸೂಚಿಸಿದವು. ಕೊಕೇನು ನಿಂತ ಮೇಲೆ, ಅದರ ಕುರುಹಾಗಿದ್ದ ದೀಪ ಮತ್ತು ಸದ್ದಿಗಾಗಿ ಇಲಿಗಳು ಸನ್ನೆ ಒತ್ತುವ ಹುರುಪು ಮೊದಲ ಎರಡು ತಿಂಗಳು ಇಳಿಯುವ ಬದಲು ಏರುತ್ತ ಹೋಯಿತೆಂದು 2001ರಲ್ಲಿ ವರದಿಯಾಯಿತು. ಕಾವು ಕೊಟ್ಟ ಮೊಟ್ಟೆಯ ಹಾಗೆ ತೃಷ್ಣೆ ಒಳಗೇ ಬಲಿಯುತ್ತದೆಂಬ ಅರ್ಥದಲ್ಲಿ ವಿಜ್ಞಾನಿಗಳು ಇದಕ್ಕೊಂದು ಹೆಸರನ್ನೂ ಕೊಟ್ಟಿದ್ದಾರೆ. ಹತ್ತು ವರ್ಷಗಳ ಅನಂತರ ಸಿಗರೇಟು ಬಿಟ್ಟ ಮನುಷ್ಯರನ್ನು 35 ದಿನಗಳವರೆಗೆ ಪರೀಕ್ಷಿಸಿದ ಅಧ್ಯಯನವೂ ಇದೇ ಬಗೆಯ ಫಲಿತಾಂಶವನ್ನು ಕೊಟ್ಟಿತು: ಕುರುಹನ್ನು ಕಂಡಾಗ ಏಳುವ ತೃಷ್ಣೆ ದಿನಗಳೊಡನೆ ಹೆಚ್ಚಿತ್ತು. ಹೀಗಾಗಿ ಐದನೆಯ ವಾರದಲ್ಲಿರುವ ಮನುಷ್ಯ, ಇನ್ನು ಭಯವಿಲ್ಲವೆಂದು ಹೆಂಡತಿಮಕ್ಕಳೊಡನೆ ಚಿತ್ರಮಂದಿರಕ್ಕೆ ಬಂದವನು, ತನಗೇ ತಿಳಿಯದೆ ಅತ್ಯಂತ ದುರ್ಬಲವಾದ ಗಳಿಗೆಯಲ್ಲಿರಬಹುದು. ವಿರಾಮದಲ್ಲಿ ಅವನು ಎದ್ದು ಹೊರಗೆ ಹೋದರೆ ನಾವು ಆಡುವ ಮಾತು ಒಂದೇ: ಮನಸ್ಸು ಗಟ್ಟಿಯಿಲ್ಲ. ಅವನೂ ಅದನ್ನೇ ನಂಬಿ ಮರುದಿನ ಇಡೀ ಪೊಟ್ಟಣವನ್ನೇ ಕೊಳ್ಳುತ್ತಾನೆ.

ಈ ಪತ್ರಿಕೆಯ ವಾಚಕರಿಗೆ ವ್ಯಸನವೆಂದೊಡನೆ ಸಪ್ತವ್ಯಸನಗಳ ಪಟ್ಟಿ ನೆನಪಾಗುವುದು ಸಹಜ. ಆ ಪಟ್ಟಿಯಲ್ಲಿರುವುದು ಜೂಜು, ಮದ್ಯ, ಬೇಟೆ ಮೊದಲಾದ ಕೃತ್ಯಗಳು; ಕುರುಹುಗಳಲ್ಲ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬ್ರಹ್ಮವ್ರತದ ರಕ್ಷಣೆಗೆಂದು ಹೇಳಿರುವ ಐದು ಭಾವನೆಗಳನ್ನು ಗಮನಿಸಿದರೆ, ಅಲ್ಲಿ ಇಚ್ಛಾಶಕ್ತಿಯ ಹೊಗಳಿಕೆಯಿಲ್ಲ. ಕೇಳುವುದನ್ನು, ನೋಡುವುದನ್ನು, ಹಿಂದಣ ಭೋಗವನ್ನು ನೆನೆಯುವುದನ್ನು, ಉದ್ರೇಕಕಾರಿ ಆಹಾರವನ್ನು, ಮೈಸಿಂಗಾರವನ್ನು ಬಿಡಬೇಕೆಂದಿದೆ. ವ್ರತ ಹಿಡಿದವನು ಗಟ್ಟಿಗನೆಂಬ ನೆಚ್ಚಿಕೆಯ ಮೇಲೆ ಈ ವಿಧಿ ನಿಂತಿಲ್ಲ. ಗಟ್ಟಿಗನಿಗೂ ಬೇಲಿ ಬೇಕೆಂಬ ತಿಳಿವಳಿಕೆಯ ಮೇಲೆ ನಿಂತಿದೆ. ಪ್ರಾಚೀನರು ಡೋಪಮೀನನ್ನು ಬಲ್ಲವರಾಗಿದ್ದರೆಂದು ಹೊಗಳುವ ಚಪಲ ಕೆಲವರಲ್ಲಿ ಉಂಟು. ಅದು ಶಾಸ್ತ್ರಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಅಲ್ಲ. ಅವರು ಮನುಷ್ಯರನ್ನು ಬಲ್ಲವರಾಗಿದ್ದರೆಂದರೆ ಸಾಕು.

ಇಲ್ಲಿಗೆ ಒಂದು ಆಕ್ಷೇಪ ಏಳುತ್ತದೆ, ಏಳಲೇಬೇಕು. ಎಲ್ಲವನ್ನೂ ಕುರುಹಿನ ತಲೆಗೆ ಕಟ್ಟಿದರೆ ಕರ್ತೃವೆಲ್ಲಿ ಉಳಿದ? ವ್ಯಸನವು ಮಿದುಳನ್ನು ಅಪಹರಿಸುತ್ತದೆಂಬ ಮಾತು ಈಚಿನ ಜನಪ್ರಿಯ ಬರಹಗಳಲ್ಲಿ ಧಾರಾಳವಾಗಿ ಕಾಣುತ್ತದೆ. ಈ ರೂಪಕ ನನಗೆ ಒಪ್ಪಿತವಲ್ಲ. ಅಪಹೃತನಾದವನು ಕಟ್ಟುಬಿದ್ದು ಕುಳಿತಿರುತ್ತಾನೆ, ವ್ಯಸನಿ ಹಾಗಿಲ್ಲ. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಹಿಂದಿರುಗಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ವಿದುಷಿ ಅಧ್ಯಯನ ಮಾಡಿದಾಗ, ಅಲ್ಲಿರುವಾಗ ಸುಮಾರು ಐವರಲ್ಲೊಬ್ಬರು ಹೆರಾಯಿನ್ ವ್ಯಸನಿಗಳಾಗಿದ್ದರೆಂದೂ, ಅಂಥವರಲ್ಲಿ ಊರಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಐವರ ಆಸುಪಾಸೆಂದೂ ತಿಳಿದುಬಂತು. ಯುದ್ಧಭೂಮಿ, ಜೊತೆಗಾರರು, ಅಗ್ಗದ ಪುಡಿ, ಎಲ್ಲ ಕುರುಹುಗಳೂ ಸಾಗರದಾಚೆ ಉಳಿದಿದ್ದವು. ಕುರುಹೊಂದೇ ಕಾರಣವೆನ್ನಲಾಗದು, ಊರಿನಲ್ಲಿ ಹೆರಾಯಿನ್ ಸುಲಭವಾಗಿ ಸಿಗುತ್ತಿರಲಿಲ್ಲ, ಮನೆಯಿತ್ತು, ಬಾಳಿತ್ತು. ಆದರೂ ಅಪಹರಣದ ರೂಪಕಕ್ಕೆ ಈ ಸೈನಿಕರು ದೊಡ್ಡ ಉತ್ತರ. ಇಚ್ಛಾಶಕ್ತಿ ಸುಳ್ಳಲ್ಲ, ನಾವು ಅದನ್ನು ತಪ್ಪಾದ ಜಾಗದಲ್ಲಿ ನಿಲ್ಲಿಸಿ ಪರೀಕ್ಷಿಸುತ್ತಿದ್ದೇವೆ. ಉರಿಯುವ ಸಿಗರೇಟಿನ ಮುಂದೆ ನಿಂತಾಗ ಅದು ಸೋಲಬಹುದು. ಯಾವ ಬೀದಿಯಲ್ಲಿ ನಡೆಯಲಿ, ಯಾರೊಡನೆ ಚಹಾ ಕುಡಿಯಲಿ, ಮೇಜಿನ ಸೆಳೆಖಾನೆಯಲ್ಲಿ ಏನನ್ನಿಡಲಿ ಎಂದು ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ನಿರ್ಧರಿಸುವುದೂ ಇಚ್ಛಾಶಕ್ತಿಯೇ. ಅಲ್ಲಿ ಅದು ಗೆಲ್ಲುವ ಸಂಭವ ಹೆಚ್ಚು. ಆದರೆ ಬೀದಿಯ ತುಂಬ, ತೆರೆಯ ತುಂಬ ಕುರುಹುಗಳನ್ನು ಚೆಲ್ಲಿದವರು ಯಾರೆಂಬ ಪ್ರಶ್ನೆ ಆಗ ತಾನಾಗಿ ಮೇಲೇಳುತ್ತದೆ. ಅದು ವ್ಯಸನಿಯನ್ನು ಕೇಳುವ ಪ್ರಶ್ನೆಯಲ್ಲ.

ಕಲಾವಿದರ ಪಕ್ಷವನ್ನೂ ಕೇಳಬೇಕು. ಬೆಂಗಳೂರಿನಲ್ಲಿ ಬಸ್ಸಿನ ನಿರ್ವಾಹಕರಾಗಿದ್ದು ತಮಿಳು ಚಿತ್ರರಂಗಕ್ಕೆ ಹೋದ ರಜನೀಕಾಂತರ ಕೀರ್ತಿಯಲ್ಲಿ, ಸಿಗರೇಟನ್ನು ಗಾಳಿಗೆ ಚಿಮ್ಮಿಸಿ ತುಟಿಯಲ್ಲಿ ಹಿಡಿಯುವ ಚಮತ್ಕಾರಕ್ಕೂ ಪಾಲುಂಟು. 2002ರಲ್ಲಿ ಅವರ 'ಬಾಬಾ' ಚಿತ್ರ ಬಂದಾಗ ಪಾಟ್ಟಾಳಿ ಮಕ್ಕಳ್ ಕಚ್ಚಿ ಪಕ್ಷ ಅದನ್ನು ಪ್ರತಿಭಟಿಸಿತು. ಅದೇ ಪಕ್ಷದ ಅನ್ಬುಮಣಿ ರಾಮದಾಸ್ ಕೇಂದ್ರದ ಆರೋಗ್ಯ ಸಚಿವರಾಗಿದ್ದಾಗ, 2005ರಲ್ಲಿ, ತೆರೆಯ ಮೇಲೆ ತಂಬಾಕು ಸೇವನೆಯನ್ನು ತೋರಿಸುವುದನ್ನೇ ನಿಷೇಧಿಸುವ ನಿಯಮ ಹೊರಟಿತು. ಚಿತ್ರನಿರ್ಮಾತೃ ಮಹೇಶ್ ಭಟ್ ನ್ಯಾಯಾಲಯಕ್ಕೆ ಹೋದರು. 2009ರ ಜನವರಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಅದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತಳ್ಳಿಹಾಕಿತು. 2012ರ ವಾಕ್ಯ ಈ ಜಗ್ಗಾಟದ ಬಳಿಕ ಬಂದ ರಾಜಿಯ ಸಂತಾನ. ನಿಷೇಧಿಸುವುದಿಲ್ಲ, ನೀವು ತೋರಿಸಿ, ನಾವು ಬರೆಯುತ್ತೇವೆ. 2013ರಲ್ಲಿ ಅಮೆರಿಕದ ನಿರ್ದೇಶಕ ವುಡಿ ಆ್ಯಲನ್ ಈ ಬರಹವನ್ನು ಒಪ್ಪದೆ ತಮ್ಮ 'ಬ್ಲೂ ಜಾಸ್ಮಿನ್' ಚಿತ್ರವನ್ನು ಭಾರತದಲ್ಲಿ ಬಿಡುಗಡೆ ಮಾಡಲೇ ಇಲ್ಲ.

ನಿಷೇಧದ ವಿಷಯದಲ್ಲಿ ನನ್ನ ಒಲವು ನ್ಯಾಯಾಲಯದ ಕಡೆಗೆ. ಮನುಷ್ಯರು ಸೇದುವ ಲೋಕದಲ್ಲಿ ಸೇದದ ಪಾತ್ರಗಳನ್ನೇ ತೋರಿಸಿ ಎನ್ನುವುದು ಕಲೆಗೆ ಸುಳ್ಳು ಹೇಳಿಸಿದಂತೆ. ಆದರೆ ಕಲಾವಿದರು ಅದೇ ಉಸಿರಿನಲ್ಲಿ ಹೇಳುವ ಇನ್ನೊಂದು ಮಾತು, ತೆರೆಯ ಮೇಲಿನ ಸಿಗರೇಟು ಯಾರನ್ನೂ ಏನೂ ಮಾಡುವುದಿಲ್ಲವೆಂಬುದು, ನಿಲ್ಲುವಂಥದಲ್ಲ. ಪಾತ್ರದ ದಣಿವನ್ನು ತೋರಿಸಲು ನಿರ್ದೇಶಕನಿಗೆ ನೂರು ದಾರಿಗಳಿವೆ. ಸಿಗರೇಟು ಅವುಗಳಲ್ಲಿ ಅತ್ಯಂತ ಸುಲಭದ್ದು, ಆದ್ದರಿಂದಲೇ ಎಷ್ಟೋ ವೇಳೆ ಅತ್ಯಂತ ಸೋಮಾರಿಯದು. ಯಾವ ದೃಶ್ಯಕ್ಕೆ ಅದು ಅನಿವಾರ್ಯ, ಯಾವುದಕ್ಕೆ ಬರಿಯ ಅಲಂಕಾರ ಎಂದು ಚಿತ್ರವಿಮರ್ಶಕರು ಕೇಳಬೇಕಿತ್ತು. ಅಂಚಿನ ವಾಕ್ಯ ಬಂದ ಮೇಲೆ ಅವರೂ ಕೇಳುವುದನ್ನು ಬಿಟ್ಟಂತಿದೆ. ಬರಹವೊಂದು ಬಿದ್ದರೆ ಎಲ್ಲರ ಋಣವೂ ಸಂದಿತೆಂಬ ಭಾವ.

ಅದೇ 2012ರ ಡಿಸೆಂಬರ್ 1ರಂದು ಆಸ್ಟ್ರೇಲಿಯದಲ್ಲಿ ಇನ್ನೊಂದು ಬಗೆಯ ಕಾನೂನು ಪೂರ್ಣವಾಗಿ ಜಾರಿಗೆ ಬಂತು. ಅಲ್ಲಿ ಪೊಟ್ಟಣದ ಬಣ್ಣ, ಲಾಂಛನ, ಹೊಳಪುಗಳನ್ನೆಲ್ಲ ತೆಗೆದುಹಾಕಿ, ಎಲ್ಲ ಕಂಪನಿಗಳ ಸಿಗರೇಟನ್ನೂ ಒಂದೇ ಮಂಕು ಕಂದು ಬಣ್ಣದ ಪೊಟ್ಟಣದಲ್ಲಿ, ಒಂದೇ ಅಕ್ಷರಶೈಲಿಯಲ್ಲಿ ಮಾರಬೇಕೆಂದು ವಿಧಿಸಲಾಯಿತು. ಎರಡು ತಿಂಗಳ ಅಂತರದಲ್ಲಿ ಎರಡು ದೇಶಗಳು ಒಂದೇ ವ್ಯಾಧಿಗೆ ಎರಡು ಮದ್ದು ಹುಡುಕಿದವು. ಒಂದು ಕುರುಹಿನ ಪಕ್ಕದಲ್ಲಿ ಉಪದೇಶ ಬರೆಯಿತು. ಇನ್ನೊಂದು ಕುರುಹನ್ನೇ ಅಳಿಸಲು ಹೊರಟಿತು. ನಾವು ಪೊಟ್ಟಣದ ವಿಷಯದಲ್ಲಿ ಏನೂ ಮಾಡಿಲ್ಲವೆಂದಲ್ಲ. 2016ರ ಏಪ್ರಿಲ್‌ನಿಂದ ಪೊಟ್ಟಣದ ಎರಡೂ ಮುಖಗಳ ನೂರಕ್ಕೆ 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಿದೆ. 2017ರ ಡಿಸೆಂಬರಿನಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿದರೂ ಮರುತಿಂಗಳೇ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಉಳಿದ 15 ಭಾಗದಲ್ಲಿ ಮಾತ್ರ ಹಳೆಯ ಬಣ್ಣ, ಹಳೆಯ ಲಾಂಛನ ಈಗಲೂ ಇವೆ. ಬಲ್ಲ ಕಣ್ಣಿಗೆ ಅಷ್ಟು ಸಾಕು.

ಇಷ್ಟೆಲ್ಲ ಚರ್ಚೆ ಸಿಗರೇಟಿನದು. ವಾಸ್ತವದಲ್ಲಿ ನಮ್ಮ ದೇಶದ ತಂಬಾಕಿನಲ್ಲಿ ಹೊಗೆಗಿಂತ ಜಗಿತವೇ ಹೆಚ್ಚು. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ 28.6 ಮಂದಿ ತಂಬಾಕು ಬಳಸುವವರು. ಹೊಗೆಯಿಲ್ಲದ ತಂಬಾಕಿನವರೇ 21.4. ಕರ್ನಾಟಕದಲ್ಲಿ ಒಟ್ಟು 22.8. ಜಗಿಯುವವನ ಕುರುಹು ತೆರೆಯ ಮೇಲಿಲ್ಲ, ಬೀದಿಯ ಗೂಡಂಗಡಿಯಲ್ಲಿದೆ. ತೋರಣದಂತೆ ಇಳಿಬಿದ್ದ ಮಿರುಗುವ ಚೀಟಿಗಳ ಸರದ ನಡುವೆ ಕೈ ತೂರಿಸಿಯೇ ಮಗುವೂ ಪೆಪ್ಪರಮೆಂಟು ಕೊಳ್ಳಬೇಕು. 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಅಕ್ಕಪಕ್ಕ ತೂಗಾಡಿದವು. ಕೊಂಡವನು ಅಂಗೈಯಲ್ಲಿ ಬೆರೆಸಿಕೊಂಡ. ಅತ್ತ ದೂರದರ್ಶನದ ಪರದೆಯಲ್ಲಿ ಹೆಸರಾಂತ ನಟರು ಏಲಕ್ಕಿಯ ಹೆಸರಿನಲ್ಲಿ ಅದೇ ಲಾಂಛನವನ್ನು, ಅದೇ ಬಣ್ಣವನ್ನು, ಅದೇ ರಾಗವನ್ನು ಮಾರುತ್ತಾರೆ. ಅಲ್ಲಿ ತಂಬಾಕಿಲ್ಲ, ಆದ್ದರಿಂದ ಎಚ್ಚರಿಕೆಯ ವಾಕ್ಯವೂ ಇಲ್ಲ. ದ್ರವ್ಯವಿಲ್ಲದೆಯೂ ಕುರುಹು ಕೆಲಸ ಮಾಡುತ್ತದೆಂಬ ಲೆಕ್ಸಿಂಗ್ಟನ್ನಿನ ಪಾಠವನ್ನು ವ್ಯಾಪಾರಿಗಳು ನಮ್ಮ ಶಾಸಕರಿಗಿಂತ ಚೆನ್ನಾಗಿ ಕಲಿತಿದ್ದಾರೆ. ತಂಬಾಕಿನ ಜಾಹೀರಾತನ್ನು ನಿಷೇಧಿಸಿದ 2003ರ ಕಾನೂನು ಹೆಸರನ್ನು ಹಿಡಿಯಬಲ್ಲುದು. ಬಣ್ಣವನ್ನೂ ರಾಗವನ್ನೂ ಹಿಡಿಯುವಲ್ಲಿ ಸೋಲುತ್ತಿದೆ.

2018ರ ಸೆಪ್ಟೆಂಬರಿನಿಂದ ತಂಬಾಕಿನ ಪೊಟ್ಟಣಗಳ ಮೇಲೆ ಒಂದು ದೂರವಾಣಿ ಸಂಖ್ಯೆ ಅಚ್ಚಾಗುತ್ತಿದೆ. ಬಿಡಬೇಕೆನ್ನುವವನು ಹಣ ತೆರದೆ ಕರೆಮಾಡಿ ಸಲಹೆ ಪಡೆಯಬಹುದು; ದಕ್ಷಿಣದ ಭಾಷೆಗಳಲ್ಲಿ ಉತ್ತರಿಸುವ ಕೇಂದ್ರವೊಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಎಚ್ಚರಿಕೆಯ ಪಠ್ಯಗಳಲ್ಲೆಲ್ಲ ನನಗೆ ಉತ್ತಮವೆನಿಸಿದ್ದು ಈ ಹತ್ತು ಅಂಕಿಗಳು. ಅವು ವ್ಯಸನಿಗೆ ಗೊತ್ತಿದ್ದುದನ್ನೇ ಮತ್ತೆ ಹೇಳುವುದಿಲ್ಲ. ತೃಷ್ಣೆ ಎದ್ದ ಆ ಕೆಲವು ನಿಮಿಷಗಳಲ್ಲಿ ಕೈಗೆ ಮಾಡಲು ಬೇರೊಂದು ಕೆಲಸವನ್ನು ಕೊಡುತ್ತವೆ. ಚಿತ್ರ ನಡೆಯುವಾಗ ತೆರೆಯಂಚಿನಲ್ಲಿ ನಿಲ್ಲಬೇಕೆಂದು ನಿಯಮ ಗೊತ್ತುಪಡಿಸಿರುವ ವಾಕ್ಯದಲ್ಲಿ ಅವು ಸೇರಿಲ್ಲ.